‘ವಂಶವೃಕ್ಷ’ವೂ ಹೆಣ್ಣಿನ ಹೆಸರೂ

(ಬಬ್ಬೂರಿನಲ್ಲಿ ಮಾಡಿದ ಭಾಷಣದ ಪಾಠ)



ವಿಭಾಗದ ದಾವೆಯೊಂದನ್ನು ಹೂಡಬೇಕಾದರೆ ವಕೀಲನಾದವನು ಮೊಟ್ಟಮೊದಲು ಬರೆಯತಕ್ಕದ್ದು ಒಂದು ಮರದ ಚಿತ್ರವನ್ನು. ಕಾಗದದ ನೆತ್ತಿಯಲ್ಲಿ ಮೂಲಪುರುಷನ ಹೆಸರು. ಅವನ ಕೆಳಗೊಂದು ಗೀಟೆಳೆದು ಅವನ ಮಕ್ಕಳ ಹೆಸರು. ಅವರ ಕೆಳಗೆ ಮೊಮ್ಮಕ್ಕಳ ಹೆಸರು. ಇದಕ್ಕೆ ವಂಶವೃಕ್ಷವೆನ್ನುವರು. ಹಿಂದೆ ಶಾನುಭೋಗರು ಬರೆದುಕೊಡುತ್ತಿದ್ದರು. ಈಗ ನಾಡಕಛೇರಿಯಲ್ಲಿ ಅರ್ಜಿ ಕೊಟ್ಟು ಪಡೆಯುತ್ತೇವೆ. ಗೀತೆಯಲ್ಲಿ ಹೇಳಿರುವ ಅಶ್ವತ್ಥದಂತೆ ಇದಕ್ಕೂ ಬೇರು ಮೇಲೆ, ಕೊಂಬೆ ಕೆಳಗೆ. ಹಳೆಯ ದಾವೆಗಳ ಕಟ್ಟುಗಳನ್ನು ಬಿಚ್ಚಿ ಈ ಮರಗಳನ್ನು ಒಂದೊಂದಾಗಿ ನೋಡಿದವರಿಗೆ ಒಂದು ಸಂಗತಿ ಹೊಳೆಯದೆ ಇರದು: ನಾಲ್ಕು ತಲೆಮಾರಿನ ಗಂಡಸರು ಸಾಲಾಗಿ ನಿಂತಿರುತ್ತಾರೆ, ಅವರನ್ನು ಹೆತ್ತವರು ಮಾತ್ರ ಕಾಣುವುದಿಲ್ಲ. ಎಲ್ಲಿಯಾದರೂ ಒಬ್ಬ ಹೆಂಗಸಿನ ಹೆಸರು ಬಂದಿದ್ದರೆ ಅವಳು ಬಹುಮಟ್ಟಿಗೆ ಗಂಡನನ್ನು ಕಳೆದುಕೊಂಡು ಜೀವನಾಂಶಕ್ಕೆ ಕೈಯೊಡ್ಡಿದವಳೆಂದೇ ತಿಳಿಯಬೇಕು. ದುಃಖ ಬಂದ ಮೇಲೆಯೇ ಅವಳಿಗೆ ಹೆಸರು ಬಂದಿತು.

ಬಬ್ಬೂರಿನಲ್ಲಿ ನಿಂತು ಈ ಮಾತನ್ನು ಹೇಳುವುದರಲ್ಲಿ ಒಂದು ವಿಶೇಷ ಔಚಿತ್ಯವಿದೆ. ತಮ್ಮ ಊರಿನ ಹೆಸರನ್ನು ತಮ್ಮ ಪಂಗಡದ ಹೆಸರಿನಲ್ಲಿ ಹೊತ್ತಿರುವ ಬಬ್ಬೂರು ಕಮ್ಮೆಯ ಮನೆತನಗಳು ಮೈಸೂರು ಬೆಂಗಳೂರುಗಳಲ್ಲಿ ಎಷ್ಟೋ ಇವೆ. ಅವರಲ್ಲಿ ಅನೇಕರು ವೇದಾವತಿಯ ನೀರನ್ನು ಕಣ್ಣಿನಿಂದ ಕಂಡವರಲ್ಲ. ಆದರೂ ತಲೆತಲಾಂತರದಿಂದ ಊರಿನ ಹೆಸರು ಉಳಿದುಬಂದಿತು. ಅದೇ ಮನೆಗಳಿಗೆ ಸೊಸೆಯಾಗಿ ಬಂದವಳ ತವರೂರಿನ ಹೆಸರೋ, ಅದು ಎರಡನೆಯ ತಲೆಮಾರಿಗೇ ಅಳಿಸಿಹೋಗುತ್ತದೆ. ಅವಳ ಗೋತ್ರವಂತೂ ಮದುವೆಯ ಮಂಟಪದಲ್ಲಿಯೇ ಕಳೆಯಿತು. ಇದು ಒಂದು ಜಾತಿಯ ಮಾತಲ್ಲ. ಒಕ್ಕಲು ಮನೆತನಗಳ ಬೆಡಗು, ಬಳಿಗಳನ್ನು ವಿಚಾರಿಸಿದರೂ ಬಹುಪಾಲು ಇದೇ ಕಥೆ. ಕಾಣದ ಊರನ್ನು ನೂರಾರು ವರ್ಷ ನೆನಪಿಡಬಲ್ಲ ಮರವು, ಒಲೆಯ ಮುಂದೆ ಕುಳಿತ ತಾಯಿಯ ಹೆಸರನ್ನು ಮರೆಯುವುದಾದರೆ ಅದನ್ನು ಮರವೆಯೆನ್ನಲಾಗದು; ಅದೊಂದು ಏರ್ಪಾಡು.

ಈ ಕಾಗದದ ಹೆಸರನ್ನೇ ಹೊತ್ತ ಕಾದಂಬರಿಯೊಂದು 1965ರಲ್ಲಿ ಹೊರಬಂದಿತು. ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ವೇ ಅದು. ಬಿ. ವಿ. ಕಾರಂತರೂ ಗಿರೀಶ ಕಾರ್ನಾಡರೂ ಅದನ್ನು ಚಲನಚಿತ್ರವನ್ನಾಗಿ ಮಾಡಿದ ಮೇಲೆ ಪುಸ್ತಕವನ್ನು ಓದದವರಿಗೂ ಕಥೆ ಪರಿಚಿತವಾಯಿತು. ಚಿತ್ರದುರ್ಗದ ಸೀಮೆಗೆ ಬಂದು ತ. ರಾ. ಸುಬ್ಬರಾಯರನ್ನು ಬಿಟ್ಟು ಬೇರೊಬ್ಬರ ಕೃತಿಯನ್ನು ಏಕೆ ಎತ್ತಿಕೊಂಡಿರೆಂದು ತಾವು ಆಕ್ಷೇಪಿಸಬಹುದು. ‘ನಾಗರಹಾವು’ ದುರ್ಗದ ಕಲ್ಲುಬಂಡೆಗಳ ನಡುವೆಯೇ ಹುಟ್ಟಿದ ಕಥೆಯೆಂಬುದನ್ನು ನಾನು ಬಲ್ಲೆ. ಆದರೆ ಅಲ್ಲಿ ಅಲಮೇಲುವಾಗಲಿ ಮಾರ್ಗರೆಟ್ಟಳಾಗಲಿ ರಾಮಾಚಾರಿಯ ಸಿಟ್ಟಿನ ದಾರಿಯಲ್ಲಿ ನೆಟ್ಟ ಮೈಲಿಗಲ್ಲುಗಳಂತೆ ನನಗೆ ಕಾಣುತ್ತಾರೆ. ಅವನು ಮುಂದೆ ಹೋದಂತೆ ಅವರು ಹಿಂದುಳಿಯುತ್ತಾರೆ. ‘ವಂಶವೃಕ್ಷ’ದಲ್ಲಿ ಹಾಗಲ್ಲ. ಅಲ್ಲಿ ಮೊಕದ್ದಮೆಯೇ ಹೆಣ್ಣಿನದು. ತೀರ್ಪು ಸರಿಯೆ ಎಂಬುದು ಬೇರೆ ಮಾತು. ಅದಕ್ಕೆ ಮುಂದೆ ಬರುತ್ತೇನೆ.

ಆ ಕಾದಂಬರಿಯ ಹೊಸಿಲನ್ನು ದಾಟುವುದಕ್ಕೆ ಮೊದಲು ಅದಕ್ಕಿಂತ ಹಿಂದಿನ ಎರಡು ಪುಸ್ತಕಗಳನ್ನು ತಮ್ಮ ಮುಂದೆ ಇಡಬೇಕಾಗಿದೆ. ಗುಲ್ವಾಡಿ ವೆಂಕಟರಾಯರು 1899ರಲ್ಲಿ ಮಂಗಳೂರಿನಿಂದ ‘ಇಂದಿರಾಬಾಯಿ’ಯನ್ನು ಪ್ರಕಟಿಸಿದರು. ಅವರು ಪೋಲೀಸು ಇಲಾಖೆಯಲ್ಲಿದ್ದವರು. ಮನುಷ್ಯರ ಕಪಟವನ್ನು ಹತ್ತಿರದಿಂದ ಕಂಡವರು. ಕನ್ನಡದ ಮೊದಲನೆಯ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಅದಕ್ಕೆ ಗೌರವ ಸಲ್ಲುತ್ತದೆ. ಅದರ ನಾಯಿಕೆ ಬಾಲವಿಧವೆ. ತಲೆ ಬೋಳಿಸಿಕೊಂಡು ಕಪಟ ಸಂನ್ಯಾಸಿಗಳ ಸೇವೆಯಲ್ಲಿ ಆಯುಷ್ಯವನ್ನು ಕಳೆಯಲೊಲ್ಲದೆ ಅವಳು ಹೆತ್ತವರ ಮನೆಯನ್ನೇ ಬಿಟ್ಟು ಹೊರಡುತ್ತಾಳೆ, ಸುಧಾರಕನಾದ ಅಮೃತರಾಯನ ಆಶ್ರಯದಲ್ಲಿ ವಿದ್ಯೆ ಕಲಿಯುತ್ತಾಳೆ, ಭಾಸ್ಕರನನ್ನು ಮದುವೆಯಾಗುತ್ತಾಳೆ, ಸುಖವಾಗಿ ಬಾಳುತ್ತಾಳೆ. ಸುಖವಾಗಿ ಬಾಳುತ್ತಾಳೆ ಎಂಬ ಮಾತನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಹತ್ತೊಂಬತ್ತನೆಯ ಶತಮಾನದ ಕಟ್ಟಕಡೆಯ ಹೊತ್ತಿಗೆ, ಮಂಗಳೂರಿನಂಥ ಊರಿನಲ್ಲಿ, ಹಾಗೆ ಬರೆಯುವುದಕ್ಕೆ ಎಷ್ಟು ಎದೆಗಾರಿಕೆ ಬೇಕಾಗಿತ್ತೆಂಬುದನ್ನು ತಾವೇ ಊಹಿಸಬಹುದು.

ಎರಡನೆಯದು ನಂಜನಗೂಡು ತಿರುಮಲಾಂಬ ಅವರದು. ಹುಟ್ಟಿದ್ದು 1887, ಎಳವೆಯಲ್ಲಿ ಮದುವೆ, ಎಳವೆಯಲ್ಲಿಯೇ ವೈಧವ್ಯ. ತಂದೆ ವಕೀಲರು, ಮಗಳ ಓದಿಗೆ ಅವರೇ ಒತ್ತಾಸೆಯಾಗಿ ನಿಂತರು. 1913ರಲ್ಲಿ ಆಕೆ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿ ‘ಸುಶೀಲೆ’ಯನ್ನು ಹೊರತಂದರು, ಮುಂದೆ ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ನಡೆಸಿದರು. ಬರೆದವಳು ವಿಧವೆ, ಆದರೆ ಅವಳ ನಾಯಿಕೆ ಆದರ್ಶ ಪತಿವ್ರತೆ. ನಮ್ಮ ವಿಮರ್ಶಕರಲ್ಲಿ ಕೆಲವರು ಇದನ್ನು ಸಂಪ್ರದಾಯದ ಮೋಹವೆಂದು ತಳ್ಳಿಹಾಕಿದರು. ನನಗೆ ಹಾಗೆ ತೋರುವುದಿಲ್ಲ. ಅಚ್ಚಿನ ಮನೆಯ ಬಾಗಿಲನ್ನು ಹೊಕ್ಕ ಒಬ್ಬ ವಿಧವೆಯು ಆ ಪ್ರವೇಶಕ್ಕೆ ತೆತ್ತ ಸುಂಕ ಅದಾಗಿದ್ದಿರಬೇಕು. ಪುಸ್ತಕದ ಒಳಗೆ ಪತಿವ್ರತೆ. ಪುಸ್ತಕದ ಮೇಲೆ ಮಾತ್ರ ತನ್ನದೇ ಹೆಸರು, ತನ್ನದೇ ಗ್ರಂಥಮಾಲೆ. ವಂಶವೃಕ್ಷದಲ್ಲಿ ದೊರೆಯದ ಹೆಸರನ್ನು ಆಕೆ ಮುಖಪುಟದಲ್ಲಿ ಸಂಪಾದಿಸಿಕೊಂಡರು.

ಈಗ ಅದೇ ನಂಜನಗೂಡಿಗೆ, ಅದೇ ಕಪಿಲೆಯ ದಂಡೆಗೆ ಭೈರಪ್ಪನವರ ಕಥೆ ನಮ್ಮನ್ನು ಕರೆದೊಯ್ಯುತ್ತದೆ. ಶ್ರೀನಿವಾಸ ಶ್ರೋತ್ರಿಗಳು ವಿದ್ವಾಂಸರು, ಆಚಾರವಂತರು, ಊರಿಗೆ ಬೇಕಾದವರು. ಅವರ ಒಬ್ಬನೇ ಮಗ ನಂಜುಂಡ ಶ್ರೋತ್ರಿ ಹೊಳೆಯ ಪಾಲಾಗುತ್ತಾನೆ. ಉಳಿದವಳು ಎಳೆಯ ಪ್ರಾಯದ ಸೊಸೆ ಕಾತ್ಯಾಯನಿ, ಅವಳ ಕೈಯಲ್ಲೊಂದು ಗಂಡುಮಗು. ಸೊಸೆಯು ಕಾಲೇಜಿಗೆ ಹೋಗಿ ಓದುತ್ತೇನೆಂದಾಗ ಶ್ರೋತ್ರಿಗಳು ಅಡ್ಡಬರುವುದಿಲ್ಲ. ಅವಳು ರೈಲಿನಲ್ಲಿ ಮೈಸೂರಿಗೆ ಹೋಗಿಬರುತ್ತಾಳೆ, ಅಲ್ಲಿ ಇಂಗ್ಲಿಷ್ ಅಧ್ಯಾಪಕ ರಾಜನ ಪರಿಚಯವಾಗುತ್ತದೆ, ಪ್ರೀತಿ ಹುಟ್ಟುತ್ತದೆ, ಅವನನ್ನು ಮದುವೆಯಾಗುತ್ತಾಳೆ. ಮಗು ನಂಜನಗೂಡಿನಲ್ಲಿ ಉಳಿಯುತ್ತದೆ.

ಕಾದಂಬರಿಯ ನಿಜವಾದ ಬಲವಿರುವುದು ಶ್ರೋತ್ರಿಗಳು ಒಳ್ಳೆಯವರಾಗಿರುವುದರಲ್ಲಿ. ದುಷ್ಟನಾದ ಮಾವನೊಬ್ಬನನ್ನು ಚಿತ್ರಿಸಿ ನಮ್ಮಿಂದ ಛೀಮಾರಿ ಹಾಕಿಸುವುದು ಸುಲಭದ ಕೆಲಸವಾಗಿತ್ತು. ಕರ್ತೃವು ಆ ಸುಲಭವನ್ನು ಬಯಸಲಿಲ್ಲ. ತಾಯಿಯು ಮಗುವನ್ನು ಕರೆದೊಯ್ಯಲು ಬಂದಾಗ ಶ್ರೋತ್ರಿಗಳು ಗದರುವುದಿಲ್ಲ, ಬಾಗಿಲು ಹಾಕುವುದಿಲ್ಲ, ಜಮೀನಿನ ಮಾತೆತ್ತಿ ಹೆದರಿಸುವುದಿಲ್ಲ. ಮಗುವು ಒಬ್ಬ ತಾಯಿಯದಲ್ಲ, ವಂಶದ್ದು ಎಂಬ ಧರ್ಮವನ್ನು ತಿಳಿಸಿ, ನಿರ್ಣಯವನ್ನು ಅವಳಿಗೇ ಬಿಡುತ್ತಾರೆ. ಅವಳು ಬರಿಗೈಯಲ್ಲಿ ಹಿಂದಿರುಗುತ್ತಾಳೆ.

ಮಹಾಶಯರೇ, ಈ ಪ್ರಸಂಗವನ್ನು ಓದುವಾಗಲೆಲ್ಲ ನನ್ನೊಳಗಿನ ವಕೀಲನು ಎದ್ದು ಕುಳಿತುಕೊಳ್ಳುತ್ತಾನೆ. 1856ರಲ್ಲಿ ಹಿಂದೂ ವಿಧವೆಯರ ಪುನರ್ವಿವಾಹವನ್ನು ಸಿಂಧುವೆಂದು ಸಾರಿದ ಕಾಯಿದೆಯಾಯಿತು. ಈಶ್ವರಚಂದ್ರ ವಿದ್ಯಾಸಾಗರರ ಪರಿಶ್ರಮದ ಫಲವೆಂದು ನಾವದನ್ನು ಕೊಂಡಾಡುತ್ತೇವೆ, ಕೊಂಡಾಡತಕ್ಕದ್ದೇ. ಆದರೆ ಅದರ ಎರಡನೆಯ ಕಲಮನ್ನೂ ಮೂರನೆಯ ಕಲಮನ್ನೂ ಓದಿದವರು ಕಡಿಮೆ. ಮರುಮದುವೆಯಾದ ವಿಧವೆಗೆ ಸತ್ತ ಗಂಡನ ಆಸ್ತಿಯಲ್ಲಿದ್ದ ಹಕ್ಕು, ಅವಳೇ ಸತ್ತುಹೋದಳೋ ಎಂಬಂತೆ, ನಿಂತುಹೋಗುವುದೆಂದು ಎರಡನೆಯ ಕಲಮು ಹೇಳಿತು. ಮೂರನೆಯ ಕಲಮು ಇನ್ನೂ ಮುಂದಕ್ಕೆ ಹೋಗಿ, ಗಂಡನು ಉಯಿಲಿನಲ್ಲಿ ಪಾಲಕರನ್ನು ನೇಮಿಸದೆ ತೀರಿಕೊಂಡಿದ್ದಲ್ಲಿ, ಅವನ ತಂದೆಯೋ ತಾತನೋ ತಾಯಿಯೋ ಅಜ್ಜಿಯೋ ಅಥವಾ ಅವನ ಕಡೆಯ ಯಾವನೇ ಗಂಡಸು ಬಂಧುವೋ ನ್ಯಾಯಾಲಯಕ್ಕೆ ಅರ್ಜಿ ಕೊಟ್ಟು ಮಕ್ಕಳಿಗೆ ಬೇರೆ ಪಾಲಕರನ್ನು ಬೇಡಬಹುದೆಂದು ವಿಧಿಸಿತು. ಒಂದು ಕೈಯಿಂದ ಮಾಂಗಲ್ಯವನ್ನು ಕೊಟ್ಟ ಕಾನೂನು, ಇನ್ನೊಂದು ಕೈಯಿಂದ ಮನೆಯನ್ನು ಕಸಿದುಕೊಂಡಿತು, ಮಗುವನ್ನು ಕಸಿದುಕೊಳ್ಳುವ ದಾರಿಯನ್ನೂ ತೋರಿತು.

ಆ ಕಾಯಿದೆ ಕಂಪನಿ ಸರ್ಕಾರದ ಸೀಮೆಗಳಿಗಾಗಿ ಆದದ್ದು. ನಂಜನಗೂಡೋ ಮೈಸೂರು ಸಂಸ್ಥಾನದ್ದು. ಆದುದರಿಂದ ಆ ಕಲಮುಗಳನ್ನು ಕಾತ್ಯಾಯನಿಯ ಮೇಲೆ ಹೇರುವುದು ನನ್ನ ಉದ್ದೇಶವಲ್ಲ. ನಾನು ತೋರಿಸಬಯಸುವುದು ಮತ್ತೊಂದನ್ನು. ಇಡೀ ಕಾದಂಬರಿಯಲ್ಲಿ ಈ ಮಗುವಿನ ಸಲುವಾಗಿ ಯಾರೂ ಕೋರ್ಟಿಗೆ ಹೋಗುವುದಿಲ್ಲ. ವಾದವಿಲ್ಲ, ಪ್ರತಿವಾದವಿಲ್ಲ, ಸಾಕ್ಷಿಯಿಲ್ಲ. ಆದರೂ ಡಿಕ್ರಿಯಾಯಿತು, ಅದು ಜಾರಿಯೂ ಆಯಿತು. ಏಕೆಂದರೆ ನ್ಯಾಯಾಧೀಶನು ತಾಯಿಯ ಮನಸ್ಸಿನಲ್ಲಿಯೇ ಪೀಠ ಹಾಕಿಕೊಂಡು ಕುಳಿತಿದ್ದನು. ವಂಶವೆಂಬುದು ಗಂಡಿನ ಕಡೆಯಿಂದ ಹರಿಯುವ ಹೊಳೆ, ತಾನು ಅದರ ದಂಡೆ ಮಾತ್ರ ಎಂದು ಕಾತ್ಯಾಯನಿಗೆ ಹುಟ್ಟಿದಂದಿನಿಂದ ಕಲಿಸಲಾಗಿತ್ತು. ಬಿ. ಎ. ಪರೀಕ್ಷೆಯ ಪಾಠಗಳು ಆ ಪಾಠವನ್ನು ಅಳಿಸಲಾರದೆ ಹೋದವು. ಶ್ರೋತ್ರಿಗಳ ಸೌಮ್ಯತೆಯು ಇಲ್ಲಿ ಕಠೋರತೆಗಿಂತ ಹೆಚ್ಚು ಪರಿಣಾಮಕಾರಿಯಾಯಿತು. ಗದರಿದ ಮಾವನೊಡನೆ ಅವಳು ಜಗಳವಾಡಬಹುದಾಗಿತ್ತು. ಒಳ್ಳೆಯ ಮಾವನೊಡನೆ ಆಡುವುದು ಹೇಗೆ?

ಗಂಡನಿಲ್ಲದ ಹೆಂಗಸು ಮಗುವಿಗೆ ಪಾಲಕಳಾಗಲಾರಳೆಂಬ ನಿಯಮ ನಮ್ಮ ನಾಡಿನಲ್ಲಿ ಎಂದಾದರೂ ಇತ್ತೆ? ಇದಕ್ಕೆ ಉತ್ತರವನ್ನು ಹುಡುಕಲು ತಾವು ಬಹುದೂರ ಹೋಗಬೇಕಾಗಿಲ್ಲ; ಮಾರಿಕಣಿವೆಗೆ ಹೋದರೆ ಸಾಕು. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಯುವರಾಜ ಕೃಷ್ಣರಾಜರಿಗೆ ಹತ್ತು ವರ್ಷ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1895ರಿಂದ 1902ರವರೆಗೆ ಮಗನ ಪರವಾಗಿ ರಾಜಪ್ರತಿನಿಧಿಗಳಾಗಿ ಸಂಸ್ಥಾನವನ್ನು ಆಳಿದರು. ಅವರ ಕಾಲದಲ್ಲಿ, 1898ರಲ್ಲಿ, ವೇದಾವತಿಗೆ ಅಡ್ಡಲಾಗಿ ಕಟ್ಟೆಯ ಕೆಲಸ ಮೊದಲಾಗಿ 1907ರಲ್ಲಿ ಮುಗಿಯಿತು. ಅವರ ಬಿರುದಿನಿಂದಲೇ ಅದು ವಾಣೀವಿಲಾಸ ಸಾಗರವೆನಿಸಿತು. ಹಿರಿಯೂರಿನ ಅಚ್ಚುಕಟ್ಟಿನ ಗದ್ದೆ ತೋಟಗಳಿಗೆ ಹರಿದದ್ದು ಒಬ್ಬ ವಿಧವೆಯ ಹೆಸರಿನ ನೀರು. ಸಿಂಹಾಸನಕ್ಕೆ ಅವಶ್ಯವಾದಾಗ ವಿಧವೆಯಾದ ತಾಯಿಯು ಮಗನಿಗೂ ಪಾಲಕಳಾದಳು, ಲಕ್ಷಾಂತರ ಪ್ರಜೆಗಳಿಗೂ ಪಾಲಕಳಾದಳು. ಅದೇ ಸಂಸ್ಥಾನದಲ್ಲಿ ಮಂಗಳಕಾರ್ಯಕ್ಕೆ ಹೊರಟವರು ವಿಧವೆಯೊಬ್ಬಳು ಎದುರಾದರೆ ಹಿಂದಿರುಗಿ ಹೋಗಿ ಕೈಕಾಲು ತೊಳೆಯುತ್ತಿದ್ದರು.

ಇನ್ನೊಂದು ನಿದರ್ಶನ. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು ಗಂಡನನ್ನು ಕಳೆದುಕೊಂಡದ್ದು 1923ರಲ್ಲಿ. ಅವರ ಮಾವ ಆನಂದರಾಯರು ಸೊಸೆಯನ್ನು ಮೂಲೆಯಲ್ಲಿ ಕೂರಿಸಲಿಲ್ಲ; ಅವರ ಕಾರ್ಯಕ್ಕೆ ಬೆಂಬಲವಾದರು. ಮರುವರ್ಷವೇ, ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ್ದ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ, ಡಾಕ್ಟರ್ ಹರ್ಡೀಕರರ ಸೇವಾದಳದ ಆಶ್ರಯದಲ್ಲಿ ಉಮಾಬಾಯಿಯವರು ಸ್ವಯಂಸೇವಿಕೆಯರ ಪಡೆಯನ್ನು ಮುನ್ನಡೆಸಿದರು. ಕನ್ನಡನಾಡು ಆ ತಾಯಿಗೆ ಕೈಮುಗಿಯಿತು, ಮುಗಿಯಬೇಕಾದದ್ದೇ.

ಆದರೆ ಈ ಇಬ್ಬರು ಮಹನೀಯರ ಪಕ್ಕದಲ್ಲಿ ಕಾತ್ಯಾಯನಿಯನ್ನು ನಿಲ್ಲಿಸಿ ನೋಡಿರಿ. ಒಬ್ಬರು ರಾಜ್ಯಕ್ಕೆ, ಒಬ್ಬರು ರಾಷ್ಟ್ರಕ್ಕೆ ತಮ್ಮನ್ನು ಒಪ್ಪಿಸಿಕೊಂಡವರು. ಅಂಥ ವಿಧವೆಯರನ್ನು ನಾವು ದೇವಿಯೆಂದೆವು, ಮಾತೆಯೆಂದೆವು. ಕಾತ್ಯಾಯನಿ ಕೇಳಿದ್ದು ಇಷ್ಟೆ: ನಾನು ಯಾರ ತಾಯಿಯೂ ಆಗಿರಬಹುದು, ಯಾರ ಸೊಸೆಯೂ ಆಗಿರಬಹುದು, ಅದರ ಹೊರತಾಗಿ ನಾನೆಂಬವಳೊಬ್ಬಳು ಇದ್ದಾಳೆಯೊ ಇಲ್ಲವೊ? ತ್ಯಾಗ ಮಾಡುವ ಹೆಣ್ಣಿಗೆ ನಮ್ಮಲ್ಲಿ ನೂರು ಹೆಸರುಗಳುಂಟು. ತನಗಾಗಿ ಬದುಕಬಯಸಿದವಳನ್ನು ಕರೆಯಲು ನಮಗೆ ತಿಳಿದಿರುವ ಹೆಸರುಗಳನ್ನು ಈ ಸಭೆಯಲ್ಲಿ 

ಉಚ್ಚರಿಸುವ ಹಾಗಿಲ್ಲ.

ಇಲ್ಲಿಗೆ ಕರ್ತೃವಿನೊಡನೆ ನನ್ನ ತಕರಾರು ಮೊದಲಾಗುತ್ತದೆ. ಮರುಮದುವೆಯಾದ ಕಾತ್ಯಾಯನಿಗೆ ಭೈರಪ್ಪನವರು ಒಂದಾದ ಮೇಲೊಂದರಂತೆ ಗರ್ಭಪಾತಗಳನ್ನು ವಿಧಿಸಿದರು. ಅವಳು ಪಾಠ ಹೇಳುವ ಕಾಲೇಜಿಗೆ ಹೆತ್ತ ಮಗನೇ ವಿದ್ಯಾರ್ಥಿಯಾಗಿ ಬರುತ್ತಾನೆ, ತಾಯಿಯನ್ನು ತಾಯಿಯೆನ್ನುವುದಿಲ್ಲ. ಕೊನೆಗೆ ಕೊರಗಿ ಕೊರಗಿ ಸಾಯುತ್ತಾಳೆ. ಇಂದಿರಾಬಾಯಿಗೆ 1899ರಲ್ಲಿ ದೊರೆತ ಬಾಳು ಕಾತ್ಯಾಯನಿಗೆ 1965ರಲ್ಲಿ ದೊರೆಯಲಿಲ್ಲ. ಅರುವತ್ತಾರು ವರ್ಷಗಳಲ್ಲಿ ದೇಶ ಸ್ವತಂತ್ರವಾಯಿತು, ಸಂವಿಧಾನ ಬಂದಿತು, ಹೆಣ್ಣುಮಕ್ಕಳು ವೈದ್ಯರೂ ವಕೀಲರೂ ಆದರು. ಕಾದಂಬರಿಯ ವಿಧವೆ ಮಾತ್ರ ಸುಖದಿಂದ ಸಾವಿಗೆ ಇಳಿದಳು. ಪಾಪಪ್ರಜ್ಞೆಯಿಂದ ಮನಸ್ಸು ನೋಯುವುದು ಸಹಜ, ಅದನ್ನು ಚಿತ್ರಿಸುವ ಅಧಿಕಾರ ಕರ್ತೃವಿಗೆ ಉಂಟು ಎಂದು ಅವರ ಅಭಿಮಾನಿಗಳು ಹೇಳುವರು. ಒಪ್ಪಿದೆ. ಆದರೆ ಮನಸ್ಸಿನ ಮೇಲೆ ಆಪಾದನೆ ಹೊರಿಸಿ, ಗರ್ಭಕ್ಕೆ ಶಿಕ್ಷೆ ವಿಧಿಸುವುದು ಯಾವ ನ್ಯಾಯ? ಅದೇ ಕಾದಂಬರಿಯಲ್ಲಿ ರಾಜನ ಅಣ್ಣ ಸದಾಶಿವರಾಯನು ಕಟ್ಟಿಕೊಂಡ ಹೆಂಡತಿ ನಾಗಲಕ್ಷ್ಮಿಯನ್ನು ಬಿಟ್ಟು, ತನ್ನ ಸಂಶೋಧನೆಗೆ ನೆರವಾಗುವ ಸಿಂಹಳದ ವಿದುಷಿ ಕರುಣೆಯನ್ನು ವರಿಸುತ್ತಾನೆ. ಅವನ ಮೈಯೂ ಸವೆಯುತ್ತದೆ, ನಿಜ. ಆದರೆ ಅದು ಗ್ರಂಥರಚನೆಯ ಶ್ರಮದಿಂದ ಸವೆದದ್ದು. ಓದುಗರು ಅದನ್ನು ತಪಸ್ಸೆಂದೇ ಗ್ರಹಿಸುತ್ತಾರೆ. ಗಂಡಿನ ದಣಿವು ತಪಸ್ಸಾಯಿತು, ಹೆಣ್ಣಿನ ದಣಿವು ಪ್ರಾಯಶ್ಚಿತ್ತವಾಯಿತು.

ನಾಗಲಕ್ಷ್ಮಿಯ ವಿಷಯದಲ್ಲಿ ನಾಲ್ಕು ಮಾತು ಹೆಚ್ಚಾಗಿಯೇ ಆಡುತ್ತೇನೆ, ಏಕೆಂದರೆ ಅವಳನ್ನು ಕುರಿತು ಯಾರೂ ಭಾಷಣ ಮಾಡುವುದಿಲ್ಲ. ಅವಳು ಬಂಡೇಳುವುದಿಲ್ಲ, ತವರಿಗೆ ಹೋಗಿ ಪಂಚಾಯಿತಿ ಸೇರಿಸುವುದಿಲ್ಲ. ಮೈದುನನ ಮನೆಯಲ್ಲಿದ್ದುಕೊಂಡು, ಮಗನನ್ನು ಬೆಳೆಸುತ್ತ, ಪುಸ್ತಕಗಳ ತುಂಬ ರಾಮನಾಮವನ್ನು ಬರೆಯುತ್ತ ಹೋಗುತ್ತಾಳೆ. ಗಂಡನು ಸಂಪುಟದ ಮೇಲೆ ಸಂಪುಟ ಇತಿಹಾಸ ಬರೆಯುತ್ತಿದ್ದಾಗ ಹೆಂಡತಿಯೂ ಪುಟದ ಮೇಲೆ ಪುಟ ಬರೆಯುತ್ತಿದ್ದಳು. ಅವನ ಬರವಣಿಗೆಗೆ ವಿಶ್ವವಿದ್ಯಾನಿಲಯದ ಮರ್ಯಾದೆ. ಅವಳ ಬರವಣಿಗೆಯಲ್ಲಿ ಒಂದೇ ಹೆಸರು, ಅದೂ ಅವಳದಲ್ಲ. ಇದನ್ನು ಭಕ್ತಿಯೆಂದು ಓದುವವರು ಓದಲಿ. ಬರೆಯಬಲ್ಲ ಕೈಗೆ ಬೇರೆ ಯಾವ ವಿಷಯವನ್ನೂ ಕೊಡದೆ ಹೋದಾಗ ಅದು ಏನು ಮಾಡುತ್ತದೆಂಬುದನ್ನು ಭೈರಪ್ಪನವರು ಇಲ್ಲಿ ಒಂದು ಟೀಕೆಯ ಮಾತೂ ಇಲ್ಲದೆ ತೋರಿಸಿಬಿಟ್ಟಿದ್ದಾರೆ. ಕರ್ತೃವಿನ ಅಭಿಪ್ರಾಯಕ್ಕಿಂತ ಅವನ ಕಲೆ ದೊಡ್ಡದಾಗುವುದು ಇಂಥ ಕಡೆಗಳಲ್ಲಿ.

ಅಂಥ ಕಡೆಗಳಲ್ಲೆಲ್ಲ ದೊಡ್ಡದು ಕಾದಂಬರಿಯ ಕೊನೆಯಲ್ಲಿದೆ. ಯಾವ ವಂಶದ ಪಾವಿತ್ರ್ಯಕ್ಕಾಗಿ ತಾಯಿಯಿಂದ ಮಗುವನ್ನು ಅಗಲಿಸಲಾಯಿತೋ ಆ ವಂಶವೇ ಶ್ರೋತ್ರಿಗಳದಲ್ಲವೆಂದು ವೃದ್ಧಾಪ್ಯದಲ್ಲಿ ಅವರಿಗೆ ತಿಳಿದುಬರುತ್ತದೆ. ಅವರ ತಂದೆಯೆನಿಸಿಕೊಂಡವನಿಗೂ ಅವನ ತಮ್ಮ ಕಿಟ್ಟಪ್ಪನಿಗೂ ಆಸ್ತಿಯ ವೈರ. ಮಕ್ಕಳಿಲ್ಲದಿದ್ದರೆ ಆಸ್ತಿ ತಮ್ಮನ ಪಾಲಾದೀತೆಂದು, ಹೆಂಡತಿಗೆ ಪರಪುರುಷನಿಂದ ಸಂತಾನವಾಗುವಂತೆ ಗಂಡನೇ ಏರ್ಪಡಿಸಿದನು. ಹಾಗೆ ಹುಟ್ಟಿದವರು ಶ್ರೋತ್ರಿಗಳು. ಬೀಜ ದೊಡ್ಡದೊ ಕ್ಷೇತ್ರ ದೊಡ್ಡದೊ ಎಂದು ಧರ್ಮಶಾಸ್ತ್ರಕಾರರು ಬಹುಕಾಲ ಚರ್ಚಿಸಿದರು. ಈ ಮನೆಯಲ್ಲಿ ಎರಡೂ ದೊಡ್ಡದಾಗಲಿಲ್ಲ, ಖಾತೆಯೇ ದೊಡ್ಡದಾಯಿತು. ಧರ್ಮದ ಹೆಸರಿನಲ್ಲಿ ಕಾತ್ಯಾಯನಿ ಮಗುವನ್ನು ಬಿಟ್ಟುಕೊಟ್ಟಳು. ಆ ಧರ್ಮದ ಬುಡವನ್ನು ಅಗೆದರೆ ಸಿಕ್ಕಿದ್ದು ಅಣ್ಣತಮ್ಮಂದಿರ ಜಮೀನಿನ ತಗಾದೆ. ಸತ್ಯವನ್ನು ತಿಳಿಸಲು ಶ್ರೋತ್ರಿಗಳು ಕಾತ್ಯಾಯನಿಯ ಬಳಿಗೆ ಹೋದಾಗ ಅವಳ ಕೊನೆಯ ಗಳಿಗೆ ಬಂದಿತ್ತು.

ಶ್ರೋತ್ರಿಗಳ ಆಘಾತವನ್ನು ಕಾದಂಬರಿ ವಿಸ್ತಾರವಾಗಿ ವರ್ಣಿಸುತ್ತದೆ, ಅವರು ಮನೆಯನ್ನು ತೊರೆದು ಸಂನ್ಯಾಸಕ್ಕೆ ಹೊರಡುವುದನ್ನೂ ವರ್ಣಿಸುತ್ತದೆ. ಆದರೆ ಅವರ ತಾಯಿ? ಗಂಡನ ಆಜ್ಞೆಯಂತೆ ಪರಪುರುಷನನ್ನು ಸಹಿಸಿ, ಹೆತ್ತು, ಆ ಗುಟ್ಟನ್ನು ಬಾಳಿನುದ್ದಕ್ಕೂ ಹೊಟ್ಟೆಯಲ್ಲಿಟ್ಟುಕೊಂಡು ಆಚಾರವಂತರ ಮನೆಯ ಯಜಮಾನಿಯಾಗಿ ಬದುಕಿದ ಆ ಹೆಂಗಸು ಏನೆಂದುಕೊಂಡಿದ್ದಳು? ವಂಶವೃಕ್ಷದ ಬೇರು ಅವಳು. ಬೇರಿನ ಮಾತನ್ನು ಕೇಳಿದವರಿಲ್ಲ. ಅವಳನ್ನು ಸೃಷ್ಟಿಸಿದ ಕರ್ತೃವಾದರೂ ಅವಳ ಕಡೆಗೆ ತಿರುಗಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಈ ಕಥೆಯನ್ನು ಅವಳ ಬಾಯಿಂದ ಹೇಳಿಸುವ ಕನ್ನಡದ ಲೇಖಕಿಯೊಬ್ಬಳು ಹುಟ್ಟಿಬಂದರೆ ಆ ಪುಸ್ತಕವನ್ನು ಕೊಳ್ಳುವವರಲ್ಲಿ ನಾನು ಮೊದಲಿಗನಾಗುತ್ತೇನೆ.

ಇದೆಲ್ಲ ಕಾದಂಬರಿಯ ಮಾತು, ನಮ್ಮ ನಾಡಿನ ಏಕೀಕರಣಕ್ಕೂ ಇದಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಿಯಾರು. ಸಂಬಂಧವಿದೆ. 1956ರ ನವೆಂಬರ್ 1ರವರೆಗೆ ಕನ್ನಡಿಗರು ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದೆವು. ಭಾಷಣಗಳಲ್ಲಿ ನಾವು ತಾಯಿ ಭುವನೇಶ್ವರಿಯ ಅಂಗಗಳು ಹರಿದುಹೋದವೆಂದು ಗೋಳಾಡಿದೆವು. ಮನೆಯ ತಾಯಂದಿರ ಹಕ್ಕುಗಳೂ ಅದೇ ಗಡಿಗಳಲ್ಲಿ ಹರಿದುಹೋಗಿದ್ದುವೆಂಬುದನ್ನು ಎಷ್ಟು ಜನ ಹೇಳಿದರು? 1933ರಲ್ಲಿಯೇ ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳನ್ನು ಕುರಿತು ಕಾಯಿದೆ ಮಾಡಿ, ಅವಿಭಕ್ತ ಕುಟುಂಬದ ಆಸ್ತಿ ವಿಭಾಗವಾಗುವಾಗ ತಾಯಿಗೆ, ವಿಧವೆಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಬ್ರಿಟಿಷ್ ಪ್ರಾಂತಗಳ ವಿಧವೆಯು 1937ರವರೆಗೆ ಕಾಯಬೇಕಾಯಿತು. ಆಗಲೂ ದೊರೆತದ್ದು ಜೀವಮಾನಪರ್ಯಂತದ ಹಕ್ಕು ಮಾತ್ರ. ಅದೂ ಪ್ರಾಂತಗಳ ಬೇಸಾಯದ ಭೂಮಿಗೆ ಅನ್ವಯಿಸದೆಂದು 1941ರಲ್ಲಿ ಫೆಡರಲ್ ನ್ಯಾಯಾಲಯವು ಅಭಿಪ್ರಾಯಪಟ್ಟಿತು. ಹೆಣ್ಣುಮಕ್ಕಳಿಗಂತೂ ಆ ಕಾಯಿದೆ ಏನನ್ನೂ ಕೊಡಲಿಲ್ಲ. ಹೀಗಾಗಿ ಹಿರಿಯೂರಿನಲ್ಲಿ ಉಳಿದ ಅಕ್ಕನಿಗೆ ಒಂದು ಕಾನೂನು, ಆಗ ಮದ್ರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯ ಕಡೆಗೆ ಸೊಸೆಯಾಗಿ ಹೋದ ತಂಗಿಯ ಅತ್ತೆಮನೆಯಲ್ಲಿ ಇನ್ನೊಂದು ಕಾನೂನು. ಮಾತು ಒಂದೇ, ಹಾಡು ಒಂದೇ. ಹಕ್ಕು ಮಾತ್ರ ಗಡಿ ದಾಟುತ್ತಿರಲಿಲ್ಲ.

ನಾಡು ಒಂದಾದ ವರ್ಷವೇ, ಅದೇ 1956ರ ಜೂನಿನಲ್ಲಿ, ಹಿಂದೂ ಉತ್ತರಾಧಿಕಾರದ ಕಾಯಿದೆ ಬಂದಿತು. ವಿಧವೆಯ ಅರೆಹಕ್ಕು ಪೂರ್ಣ ಹಕ್ಕಾಯಿತು. ಆ ವರ್ಷವೇ ಬಂದ ಪಾಲಕತ್ವದ ಕಾಯಿದೆಯಲ್ಲಿ ತಂದೆಯ ನಂತರ ತಾಯಿಯು ಸಹಜ ಪಾಲಕಳು; ಮರುಮದುವೆಯಾದಳೆಂಬುದು ಅಲ್ಲಿ ಅನರ್ಹತೆಯಲ್ಲ. ಕಾದಂಬರಿ ಅಚ್ಚಾದ ಕಾಲಕ್ಕೆ ಕಾನೂನು ಕಾತ್ಯಾಯನಿಯ ಪಕ್ಷಕ್ಕೆ ಬಂದು ಒಂಬತ್ತು ವರ್ಷವಾಗಿತ್ತು! 1999ರಲ್ಲಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ತಂದೆ ಬದುಕಿದ್ದಾಗಲೂ ಅವನು ಮಗುವಿನ ಹೊಣೆಯಿಂದ ದೂರವಿದ್ದರೆ ತಾಯಿಯೇ ಪಾಲಕಳಾಗಬಲ್ಲಳೆಂದು ಅರ್ಥೈಸಿತು. ಆದರೆ ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗನಿಗಿದ್ದಂತೆ ಮಗಳಿಗೂ ಹುಟ್ಟಿನಿಂದ ಹಕ್ಕು ಬರಲು ಕರ್ನಾಟಕದಲ್ಲಿ 1994ರ ಜುಲೈ 30ರವರೆಗೆ ಕಾಯಬೇಕಾಯಿತು. ಅದಕ್ಕೆ ಮೊದಲು ಮದುವೆಯಾಗಿದ್ದವರನ್ನು ಆ ತಿದ್ದುಪಡಿ ಹೊರಗಿಟ್ಟಿತು. ಅಷ್ಟರಲ್ಲಿ ಕೇರಳವು 1975ರ ಕಾಯಿದೆಯಿಂದ ಅವಿಭಕ್ತ ಕುಟುಂಬದ ಪದ್ಧತಿಯನ್ನೇ ರದ್ದುಮಾಡಿತ್ತು. ಹೀಗೆ ನಮ್ಮಿಂದ ಅಗಲಿಯೇ ಉಳಿದ ಕಾಸರಗೋಡಿನ ಕನ್ನಡತಿಗೆ, ಏಕೀಕರಣವಾದ ಮೇಲೂ, ಬೇರೆಯೇ ಕಾನೂನು ಬಂದಿತು. 2005ರ ಸೆಪ್ಟೆಂಬರ್ 9ರಂದು ದೇಶದ ಬಹುಭಾಗಕ್ಕೆ ಒಂದೇ ನಿಯಮವಾಗಿ, ಮದುವೆಯಾದವಳು ಆಗದವಳು ಎಂಬ ಭೇದ ಹೋಯಿತು. ಆ ದಿನ ತಂದೆ ಬದುಕಿರಬೇಕಾಗಿತ್ತೆ ಎಂಬ ಸಂದೇಹವನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಗೆಹರಿಸಿತು: ಬದುಕಿರಬೇಕಾಗಿಲ್ಲ, ಹಕ್ಕು ಹುಟ್ಟಿನಿಂದ ಬಂದದ್ದು. 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ಆಗಿಹೋದ ವಿಭಾಗಗಳನ್ನು ಮಾತ್ರ ಈ ಹಕ್ಕು ಮುಟ್ಟದು.

ಕಾಯಿದೆಯ ಪುಸ್ತಕದಲ್ಲಿ ಹೀಗೆ ಮಗಳ ಹೆಸರು ಮರದ ಮೇಲೆ ಬಂದಿತು. ಇನ್ನು ಸಬ್ ರಿಜಿಸ್ಟ್ರಾರರ ಕಛೇರಿಯ ಜಗಲಿಯ ಮೇಲೆ ಏನು ನಡೆಯುತ್ತದೆ? ಅಪ್ಪನು ತೀರಿಕೊಂಡ ವರ್ಷದೊಳಗೆ ಅಣ್ಣನು ತಂಗಿಯರನ್ನು ಕರೆಸುತ್ತಾನೆ. ಹಕ್ಕು ಖುಲಾಸೆ ಪತ್ರ ಸಿದ್ಧವಾಗಿರುತ್ತದೆ. ಅರಿಶಿನ ಕುಂಕುಮ, ಒಂದು ಸೀರೆ, ಮನೆಯಲ್ಲಿ ಹೋಳಿಗೆಯೂಟ. ಯಾರೂ ಗದರುವುದಿಲ್ಲ. ತವರು ಬೇಕೋ ಪಾಲು ಬೇಕೋ, ನೀನೇ ಯೋಚಿಸು ತಾಯಿ ಎನ್ನುತ್ತಾರೆ. ತಂಗಿಯು ಯೋಚಿಸುತ್ತಾಳೆ. ಗಂಡನ ಮನೆಯಲ್ಲಿ ನಾಳೆ ಏನಾದರೂ ಆದರೆ ಬಂದು ನಿಲ್ಲುವುದಕ್ಕೆ ಒಂದು ಹೊಸಿಲು ಬೇಕು. ಗೌರಿಹಬ್ಬಕ್ಕೆ ಬಾಗಿನ ತರುವುದಕ್ಕೆ ಒಬ್ಬ ಅಣ್ಣ ಬೇಕು. ಹೆಬ್ಬೆಟ್ಟನ್ನೋ ರುಜುವನ್ನೋ ಹಾಕಿ ಹೋಗುತ್ತಾಳೆ. ಕಾನೂನಿನ ಪ್ರಕಾರ ಇದಕ್ಕೆ ಸ್ವ-ಇಚ್ಛೆಯೆಂದು ಹೆಸರು. ಆ ಅಣ್ಣನು ಕೆಟ್ಟವನಲ್ಲ, ತಂಗಿಯ ಬಾಣಂತನ ಮಾಡಿಸಿದವನೇ. ಶ್ರೋತ್ರಿಗಳೂ ಕೆಟ್ಟವರಾಗಿರಲಿಲ್ಲವೆಂಬುದನ್ನು ತಾವು ಮರೆತಿಲ್ಲವಷ್ಟೆ.

ತಿಳಿದು ಬಿಟ್ಟುಕೊಡುವ ತಂಗಿಯನ್ನು ತಡೆಯುವ ಅಧಿಕಾರ ನನಗಿಲ್ಲ. ಆದರೆ ತಿಳಿಯದೆ ರುಜು ಹಾಕುವವರು ಬಹಳ. ಪತ್ರವನ್ನು ಪೂರ್ತಿಯಾಗಿ ಓದಿಸಿ ಕೇಳಿಕೊಳ್ಳಿರಿ. ಸರ್ವೆ ನಂಬರು, ಎಕರೆ, ಗುಂಟೆ ವಿಚಾರಿಸಿರಿ. ಒಂದು ವಾರ ಅವಧಿ ಬೇಕೆನ್ನಿರಿ. ಪೌತಿ ಖಾತೆಗಾಗಿ ವಂಶವೃಕ್ಷದ ಅರ್ಜಿ ಬರೆಯುವಾಗ, ಗಂಡುಮಕ್ಕಳಾದವರು ಅಕ್ಕತಂಗಿಯರ ಹೆಸರುಗಳನ್ನು, ಸತ್ತುಹೋದ ಅಕ್ಕನಿದ್ದರೆ ಅವಳ ಮಕ್ಕಳ ಹೆಸರುಗಳನ್ನೂ ಬಿಡದೆ ಬರೆಯಿರಿ. ಹೆಸರನ್ನು ಮರೆಮಾಚಿ ಮಾಡಿಸಿದ ಖಾತೆಗಳೇ ಮುಂದೆ ಹತ್ತಾರು ವರ್ಷದ ದಾವೆಗಳಾಗಿ ಬೆಳೆಯುತ್ತವೆ. ವಕೀಲರಿಗೆ ಅದರಿಂದ ಲಾಭವುಂಟು, ತಮಗಿಲ್ಲ.

ಕಡೆಯದಾಗಿ ಇನ್ನೊಂದು ಪುಸ್ತಕದ ಹೆಸರನ್ನು ಹೇಳಿ ಮುಗಿಸುತ್ತೇನೆ. 1976ರಲ್ಲಿ ಎಂ. ಕೆ. ಇಂದಿರಾ ಅವರು ‘ಫಣಿಯಮ್ಮ’ನನ್ನು ಬರೆದರು. ಅವರ ಬಂಧುಬಳಗದಲ್ಲಿಯೇ ನಿಜವಾಗಿ ಬಾಳಿದ್ದ ಮಲೆನಾಡಿನ ಬಾಲವಿಧವೆಯೊಬ್ಬಳ ಕಥೆ ಅದು. ಫಣಿಯಮ್ಮ ಓಡಿಹೋಗುವುದಿಲ್ಲ, ಮರುಮದುವೆಯಾಗುವುದಿಲ್ಲ, ವಾದಿಸುವುದಿಲ್ಲ. ತಲೆ ಬೋಳಿಸಿಕೊಂಡು ಒಪ್ಪೊತ್ತಿನ ಊಟದಲ್ಲಿ ಮುಪ್ಪಾಗುತ್ತಾಳೆ. ಆದರೆ ಎಳೆಯ ವಿಧವೆ ದಾಕ್ಷಾಯಣಿ ತಾನು ತಲೆ ಕೊಡುವುದಿಲ್ಲವೆಂದು ಹಟ ಹಿಡಿದಾಗ, ಆ ಎಲ್ಲವನ್ನೂ ತಾನು ಅನುಭವಿಸಿದ ಫಣಿಯಮ್ಮ ಅವಳ ಪಕ್ಷಕ್ಕೆ ನಿಲ್ಲುತ್ತಾಳೆ. ನಾವು ಪಟ್ಟದ್ದನ್ನು ಅವಳೂ ಪಡಲಿ ಎನ್ನುವುದಿಲ್ಲ. ಅತ್ತೆಯರು ಸೊಸೆಯರಿಗೆ, ಅಕ್ಕಂದಿರು ತಂಗಿಯರಿಗೆ ಇದೇ ಬೆಂಬಲವನ್ನು ಕೊಟ್ಟಿದ್ದರೆ ಶ್ರೋತ್ರಿಗಳಂಥವರ ಸೌಮ್ಯ ವಾಕ್ಯಗಳಿಗೆ ಅಷ್ಟೊಂದು ಬಲ ಬರುತ್ತಿರಲಿಲ್ಲವೇನೋ.

‘ವಂಶವೃಕ್ಷ’, ‘ಫಣಿಯಮ್ಮ’ ಎರಡರ ಪ್ರತಿಗಳನ್ನೂ ತಮ್ಮ ಊರಿನ ವಾಚನಾಲಯಕ್ಕೆಂದು ತಂದಿದ್ದೇನೆ. ಗಂಡಸರು ಸ್ವಲ್ಪ ತಾಳಿಕೊಂಡು, ಮೊದಲು ತಾಯಂದಿರ ಕೈಗೆ ಕೊಡುವಿರಾಗಿ ನಂಬಿದ್ದೇನೆ. ‘ಫಣಿಯಮ್ಮ’ನನ್ನು ಕುರಿತು ಈ ಸ್ಥಳದಲ್ಲಿ ನಿಂತು ಮಾತನಾಡತಕ್ಕವರು ಅಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿರುವ ಅಕ್ಕಂದಿರಲ್ಲಿ ಒಬ್ಬರಾಗುವುದಾದರೆ, ತಿಳಿಸಿರಿ, ಕೇಳುವುದಕ್ಕೆ ನಾನು ಖಂಡಿತ ಬರುತ್ತೇನೆ.